ಮುಯ್ಯಿ ಯಾರ ಹೆಸರಿಗೆ

ಆ ಕಾರ್ಡಿನ ಕೊನೆಯ ಸಾಲು ಓದಿದಾಗ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಯಲಿ ಎಂದು ನಾನು ಕಾಯುತ್ತಲೂ ಇಲ್ಲ.

ನನ್ನ ನಿವೃತ್ತಿಯ ಸನ್ಮಾನಕ್ಕೆ ಅಣ್ಣ ಅಚ್ಚು ಹಾಕಿಸಿದ ಆಮಂತ್ರಣ ಅದು. ಕೊಟ್ಟೂರಿನಲ್ಲಿ ಮಾಡಿಸಿದ್ದು. ದಪ್ಪ ಕಾಗದ, ಬಂಗಾರದ ಬಣ್ಣದ ಅಂಚು, ಒಳಗೆ ನನ್ನ ಫೋಟೋ. ಮುಖಕ್ಕೆ ಎಷ್ಟು ಬಿಳುಪು ಬಳಿದಿದ್ದರೆಂದರೆ ಇವಳು ಯಾವ ಊರಿನ ಹೆಣ್ಣುಮಗಳು ಎಂದು ನಾನೇ ಒಂದು ಕ್ಷಣ ಯೋಚಿಸಿದೆ. ಫೋಟೋದ ಕೆಳಗೆ ಅಣ್ಣನ ಹೆಸರು, ಅವನ ಮಗನ ಹೆಸರು, ಅಳಿಯಂದಿರ ಹೆಸರು, ಬೀಗರ ಹೆಸರು. ಅದೆಲ್ಲ ಇರಲಿ, ಕಾರ್ಡು ಎಂದ ಮೇಲೆ ಇರುತ್ತದೆ. ಎಲ್ಲಕ್ಕಿಂತ ಕೆಳಗೆ ಸಣ್ಣ ಅಕ್ಷರದಲ್ಲಿ ಹೀಗಿತ್ತು: ತಮ್ಮ ಆಗಮನವೇ ನಮಗೆ ಉಡುಗೊರೆ, ಮುಯ್ಯಿ ಸ್ವೀಕರಿಸಲಾಗುವುದಿಲ್ಲ.

ಕಾರ್ಡಿನ ದುಡ್ಡು ನನ್ನದು. ಕಲ್ಯಾಣ ಮಂಟಪದ ಮುಂಗಡ ನನ್ನದು. ಹುಗ್ಗಿಯ ಗೋಧಿ, ಬೆಲ್ಲ, ತುಪ್ಪ ನನ್ನದು. ಮುಯ್ಯಿ ಬೇಡ ಎನ್ನುವ ದೊಡ್ಡಸ್ತಿಕೆ ಮಾತ್ರ ಅಣ್ಣನದು.

ನಾನು ಆರೋಗ್ಯ ಇಲಾಖೆಯಲ್ಲಿ ನರ್ಸಮ್ಮ ಆಗಿದ್ದೆ. ಹಂಪಸಾಗರದ ಕಡೆಯ ಹಳ್ಳಿಗಳಲ್ಲಿ ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ತಿರುಗಿದವಳು. ಮನೆ ಮಾಡಿದ್ದು ಹಗರಿಬೊಮ್ಮನಹಳ್ಳಿಯಲ್ಲಿ, ಬಾಡಿಗೆಗೆ, ಎರಡು ಕೋಣೆ. ತವರು ಹಡಗಲಿ ತಾಲೂಕಿನ ಇಟ್ಟಿಗಿ. ನಮ್ಮ ಕೇರಿಯಲ್ಲಿ ತಿಂಗಳ ಸಂಬಳ ತಂದ ಮೊದಲ ಹೆಣ್ಣು ನಾನೇ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವವರು ಈಗಲೂ ಇದ್ದಾರೆ. ಸಂಬಳ ತರುವ ಮಗಳನ್ನು ಬೇರೆ ಮನೆಗೆ ಕಳಿಸಲು ನಮ್ಮ ಮನೆಯಲ್ಲಿ ಯಾರಿಗೂ ಅವಸರ ಇರಲಿಲ್ಲ. ಅವರಿಗೆ ಅವಸರ ಬರುವ ಹೊತ್ತಿಗೆ ಗಂಡಿನ ಕಡೆಯವರಿಗೆ ನನ್ನ ವಯಸ್ಸು ಹೆಚ್ಚಾಗಿತ್ತು. ಇದರಲ್ಲಿ ಗುಟ್ಟೇನೂ ಇಲ್ಲ.

ಮುಯ್ಯಿ ಎಂದರೆ ಏನು ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಬೇರೆ ಕಡೆಯವರು ಅದನ್ನು ಉಡುಗೊರೆ ಎಂದುಕೊಳ್ಳಬಹುದು. ಉಡುಗೊರೆ ಕೊಟ್ಟವರು ಮರೆಯುತ್ತಾರೆ, ಮುಯ್ಯಿ ಕೊಟ್ಟವರು ಮರೆಯುವುದಿಲ್ಲ. ನಿಮ್ಮ ಮನೆಯ ಮದುವೆಗೆ ನಾನು ಇಷ್ಟು ಮಾಡಿದರೆ ನನ್ನ ಮನೆಯ ಕಾರ್ಯಕ್ಕೆ ನೀವು ಅಷ್ಟಕ್ಕೆ ಒಂದಿಷ್ಟು ಸೇರಿಸಿ ತಿರುಗಿ ಮಾಡಬೇಕು. ಮಂಟಪದ ಒಂದು ಮೂಲೆಯಲ್ಲಿ ಮೇಜು ಹಾಕಿರುತ್ತಾರೆ. ಒಬ್ಬ ಬರೆದುಕೊಳ್ಳುತ್ತಾನೆ, ಇನ್ನೊಬ್ಬ ಮೈಕಿನಲ್ಲಿ ಓದುತ್ತಾನೆ. ಯಾವ ಊರು, ಯಾರ ಮನೆ, ಎಷ್ಟು ರೂಪಾಯಿ, ಸೀರೆಯೋ ಕುಪ್ಪಸವೋ, ಎಲ್ಲವನ್ನೂ. ಪಂಕ್ತಿಯಲ್ಲಿ ಉಣ್ಣುತ್ತಿರುವವರು ಕಿವಿ ಅಲ್ಲೇ ಇಟ್ಟಿರುತ್ತಾರೆ. ಮೈಕಿನಲ್ಲಿ ಓದಿದ ಮೇಲೆ ಅದು ಆದಂತೆ. ಯಾರೂ ಇಲ್ಲ ಎನ್ನುವಂತಿಲ್ಲ.

ನಮ್ಮ ಕೇರಿಯ ಮದುವೆಗಳು ಈಗ ಬದಲಾಗಿವೆ. ಬುದ್ಧನ ಚಿತ್ರದ ಮುಂದೆ ಮೇಣದಬತ್ತಿ ಹಚ್ಚಿ, ಗಂಡು ಹೆಣ್ಣು ಇಬ್ಬರಿಂದಲೂ ಪ್ರತಿಜ್ಞೆ ಮಾಡಿಸಿ, ಸರಳವಾಗಿ ಮುಗಿಸುತ್ತೇವೆ. ಮುಹೂರ್ತ ಬಿಟ್ಟೆವು, ಜಾತಕ ಬಿಟ್ಟೆವು, ಪಂಚಾಂಗ ಬಿಟ್ಟೆವು. ಮುಯ್ಯಿಯ ಮೈಕು ಮಾತ್ರ ಬಿಡಲಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಗುತ್ತಿಗೆಯ ಮೇಲಿದ್ದೆ. ಸಂಬಳ ಎನ್ನಲು ನಾಚಿಕೆಯಾಗುವಷ್ಟು ಸಣ್ಣದು. ಅದರಲ್ಲೇ ಅವ್ವ ಹೇಳಿದ್ದು, ಯಾರ ಮನೆಯ ಕಾರ್ಯವನ್ನೂ ತಪ್ಪಿಸಬೇಡ ಎಂದು. ಅಪ್ಪ ತೀರಿಹೋಗಿದ್ದ. ಅಣ್ಣನಿಗೆ ಒಕ್ಕಲುತನ, ಅವನ ಕೈಯಲ್ಲಿ ರೊಕ್ಕ ಓಡಾಡುತ್ತಿರಲಿಲ್ಲ. ಓಡಾಡಿದರೂ ಮುಯ್ಯಿಗೆ ಅವನ ಕೈ ಜೇಬಿನೊಳಗೆ ಹೋಗುತ್ತಿರಲಿಲ್ಲ, ತಂಗಿ ಇದ್ದಾಳಲ್ಲ. ನಾನು ಒಮ್ಮೆ ಬೇಸರ ಮಾಡಿಕೊಂಡಾಗ ಅವ್ವ ಹತ್ತಿರ ಕೂರಿಸಿಕೊಂಡು ಹೇಳಿದಳು:

"ನಿನಗ ಬ್ಯಾಂಕು ಗೀಂಕು ಯಾಕಬೇಕ? ಇದಽ ನಿನ್ನ ಬ್ಯಾಂಕು. ನಾಳಿ ನಿನಗ ಕೈಕಾಲು ನಡಿಲಾರದಾಗ ಇವರೆಲ್ಲಾ ತಿರುಗಿ ಮಾಡ್ತಾರ."

ಅವ್ವನ ಮೇಲೆ ನನಗೆ ಸಿಟ್ಟಿಲ್ಲ. ಅವಳು ಕಂಡಿದ್ದ ಉಳಿತಾಯ ಅದೊಂದೇ. ಅವಳ ಮಾತು ನಂಬಿ ನಾನು ತಿರುಗಿದೆ. ಲಗ್ನದ ತಿಂಗಳು ಬಂತೆಂದರೆ ನನ್ನ ಚೀಲದಲ್ಲಿ ಒಂದು ಕಡೆ ಲಸಿಕೆಯ ಕಾರ್ಡುಗಳು, ಇನ್ನೊಂದು ಕಡೆ ಮದುವೆಯ ಕಾರ್ಡುಗಳು. ಕೂಡ್ಲಿಗಿಯಲ್ಲಿ ಸೋದರಮಾವನ ಮಕ್ಕಳು, ಹರಪನಹಳ್ಳಿಯಲ್ಲಿ ಚಿಕ್ಕಮ್ಮನ ಕಡೆಯವರು, ಅದೇ ತಾಲೂಕಿನ ಅರಸೀಕೆರೆಯಲ್ಲಿ ಅತ್ತಿಗೆಯ ತವರು, ಕೊಟ್ಟೂರಿನಲ್ಲಿ ಯಾರು ಯಾರೋ. ಕರ್ತವ್ಯ ಮುಗಿಸಿ ಬಸ್ಸು ಹಿಡಿದು, ನಿಂತುಕೊಂಡೇ ಹೋಗಿ, ಮೇಜಿನ ಹತ್ತಿರ ಲಕೋಟೆ ಕೊಟ್ಟು, ಮೈಕಿನಲ್ಲಿ ಓದುವುದನ್ನು ಕೇಳಿಸಿಕೊಂಡು, ಸಿಕ್ಕ ಪಂಕ್ತಿಯಲ್ಲಿ ಕೂತು ಉಂಡು, ಕೊನೆಯ ಬಸ್ಸಿಗೆ ವಾಪಸು. ಮದುವೆ ಮುಗಿದರೆ ಸೀಮಂತ, ಸೀಮಂತ ಮುಗಿದರೆ ತೊಟ್ಟಿಲು, ತೊಟ್ಟಿಲು ಮುಗಿದರೆ ಮನೆ ಒಕ್ಕಲು. ಜನರಿಗೆ ಕಾರ್ಯಗಳೇ ಕಾರ್ಯಗಳು. ನನಗೆ ಒಂದೂ ಇಲ್ಲ.

ನನ್ನ ಜೊತೆಗೇ ಕೆಲಸಕ್ಕೆ ಸೇರಿದ ಗೆಳತಿಯೊಬ್ಬಳು ಹಡಗಲಿಯವಳು. ಅವಳು ಆಗಲೇ ಅಂಚೆ ಕಚೇರಿಯಲ್ಲಿ ತಿಂಗಳು ತಿಂಗಳು ಕಟ್ಟುವ ಆರ್‌ಡಿ ಮಾಡಿಸಿದ್ದಳು. ಅದು ಮುಗಿದರೆ ಬಂದದ್ದನ್ನು ಠೇವಣಿಗೆ ಹಾಕಿ ಮತ್ತೊಂದು ಆರ್‌ಡಿ. ನನಗೂ ಮಾಡು ಎಂದಳು. ಮನೆಯವರಿಗೆ ಹೇಳಬೇಡ, ಸಂಬಳವೇ ಅಷ್ಟು ಕಡಿಮೆ ಎಂದುಕೋ ಎಂದಳು. ನಾನು ಅವಳನ್ನು ಜಿಪುಣಿ ಎಂದು ಆಡಿಕೊಂಡೆ. ಬಳಗ ಇಲ್ಲದವರ ಬುದ್ಧಿ ಇದು ಎಂದೆ. ಅವಳು ನಕ್ಕು ಸುಮ್ಮನಾದಳು. ಸುಮ್ಮನಾಗಬಾರದಿತ್ತು, ಕೈ ಹಿಡಿದು ಎಳೆದುಕೊಂಡು ಹೋಗಬೇಕಿತ್ತು. ಅವಳ ಮೇಲೂ ನನಗೆ ಸ್ವಲ್ಪ ಸಿಟ್ಟಿದೆ.

ನನ್ನನ್ನು ಕಾಯಂ ಮಾಡಿದ್ದು ಬಹಳ ತಡವಾಗಿ. ಅಷ್ಟರಲ್ಲಿ ಹಳೆಯ ಪಿಂಚಣಿ ಹೋಗಿ ಹೊಸ ಪಿಂಚಣಿ ಬಂದಿತ್ತು. ಹಳೆಯದರಲ್ಲಿ ಸಾಯುವವರೆಗೆ ಸರ್ಕಾರ ನೋಡಿಕೊಳ್ಳುತ್ತಿತ್ತು. ಹೊಸದರಲ್ಲಿ ನಮ್ಮ ಸಂಬಳದಲ್ಲಿ ಕತ್ತರಿಸಿದ್ದಕ್ಕೆ ಸರ್ಕಾರ ಒಂದಿಷ್ಟು ಸೇರಿಸಿ ಕಟ್ಟುತ್ತದೆ. ನಿವೃತ್ತಿಯಾದಾಗ ಬೆಳೆದ ಗಂಟಿನ ಒಂದು ಪಾಲು ಕೈಗೆ, ಉಳಿದ ಪಾಲಿನಿಂದ ತಿಂಗಳಿಗಿಷ್ಟು. ಬೇಗ ಸೇರಿದವರ ಗಂಟು ಬೆಳೆಯುತ್ತದೆ. ನನ್ನಂಥವರ ಗಂಟಿಗೆ ಬೆಳೆಯಲು ವರ್ಷಗಳೇ ಸಿಗಲಿಲ್ಲ. ವರ್ಷಗಟ್ಟಲೆ ಗುತ್ತಿಗೆಯಲ್ಲಿ ದುಡಿಸಿಕೊಂಡದ್ದು ಯಾವ ಲೆಕ್ಕಕ್ಕೂ ಬರಲಿಲ್ಲ. ಆಗ ಹಳ್ಳಿಯ ಮಕ್ಕಳಿಗೆ ನಾನು ಚುಚ್ಚಿದ ಲಸಿಕೆ ಮಾತ್ರ ಲೆಕ್ಕಕ್ಕೆ ಬಂದಿದೆ, ಅವರೆಲ್ಲ ದೊಡ್ಡವರಾಗಿ ಬಸ್ಸಿನಲ್ಲಿ ಸೀಟು ಬಿಟ್ಟುಕೊಡದೆ ಕೂರುತ್ತಾರೆ.

ಕಚೇರಿಯ ಗುಮಾಸ್ತರು ಕೂರಿಸಿಕೊಂಡು ತಿಳಿಸಿ ಹೇಳಿದರು. ತಿಂಗಳಿಗೆ ಬರುವುದರಲ್ಲಿ ಬಾಡಿಗೆ ಮತ್ತು ರೇಷನ್ನು ಆಗುತ್ತದೆ, ಬಿಪಿ ಸಕ್ಕರೆ ಮಾತ್ರೆಗೆ ಸಾಲುವುದಿಲ್ಲ. ಕೈಗೆ ಬರುವ ಗಂಟನ್ನು ಮುಟ್ಟದೆ ಹಿರಿಯ ನಾಗರಿಕರ ಠೇವಣಿಯಲ್ಲಿ ಇಟ್ಟರೆ ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ. ಎರಡೂ ಸೇರಿದರೆ ಯಾರ ಮುಂದೆಯೂ ಕೈ ಚಾಚದೆ ಬದುಕಬಹುದು. ಗಂಟು ಒಡೆದರೆ ಮುಗಿಯಿತು. ಇದು ನನಗೆ ಒಂದೇ ಸಲಕ್ಕೆ ಅರ್ಥವಾಯಿತು. ಅಣ್ಣನಿಗೆ ಅದಕ್ಕಿಂತ ಮೊದಲೇ ಬೇರೆ ಏನೋ ಅರ್ಥವಾಗಿತ್ತು.

ನಿವೃತ್ತಿಯ ದಿನ ಆಸ್ಪತ್ರೆಯಲ್ಲಿ ಒಂದು ಶಾಲು, ಒಂದು ಹಾರ, ಖಾರಾ ಮಂಡಕ್ಕಿ, ಚಹ. ಅಣ್ಣನ ಮನೆಯಿಂದ ಒಂದು ನರಪಿಳ್ಳೆ ಬರಲಿಲ್ಲ, ಬಿತ್ತನೆ ಅಂತೆ. ಮುಂದೆ ಕಾಗದಪತ್ರ ಓಡಾಡಿದ ಅಷ್ಟೂ ದಿನ ಸನ್ಮಾನದ ಮಾತೇ ಇರಲಿಲ್ಲ. ಗಂಟು ನನ್ನ ಖಾತೆಗೆ ಬಿದ್ದ ವಾರದಲ್ಲೇ ಅಣ್ಣ ಮಗನನ್ನು ಕರೆದುಕೊಂಡು ನನ್ನ ಬಾಡಿಗೆ ಮನೆಗೆ ಬಂದ. ಒಂದು ಡಜನ್ ಬಾಳೆಹಣ್ಣು ತಂದಿದ್ದ. ಅವನು ನನ್ನ ಮನೆಗೆ ಹಣ್ಣು ತಂದದ್ದು ಅದೇ ಮೊದಲು, ಆಗಲೇ ನನಗೆ ಅನುಮಾನ ಬರಬೇಕಿತ್ತು.

ಇಟ್ಟಿಗಿಯ ಮನೆಯನ್ನು ಕೆಡವಿ ಆರ್‌ಸಿಸಿ ಹಾಕಿಸುವುದು ಅವನ ಯೋಜನೆ. ಕೆಳಗೆ ಅವರ ಸಂಸಾರ, ಮೇಲೆ ನನಗೊಂದು ಕೋಣೆ. ಮನೆಯ ಜಾಗ ಅವನ ಹೆಸರಿನಲ್ಲಿದೆ, ಕಟ್ಟಿದ ಮೇಲೆ ಮನೆಯೂ ಅವನ ಹೆಸರಿನಲ್ಲೇ ಇರುತ್ತದೆ, ಅದನ್ನು ಮಾತಾಡುವ ಅಗತ್ಯವೇ ಯಾರಿಗೂ ಕಾಣಲಿಲ್ಲ. ನನ್ನ ಎರಡೂ ಮೊಣಕಾಲು ಸವೆದಿವೆ. ಆಸ್ಪತ್ರೆಯ ಮೂರು ಮೆಟ್ಟಿಲು ಹತ್ತಲು ಕಂಬಿ ಹಿಡಿಯುವವಳಿಗೆ ಮಾಳಿಗೆಯ ಕೋಣೆ. ಹತ್ತಿಸಿ ಕೂರಿಸಿದರೆ ಇಳಿಯುವುದು ಹೇಗೆ, ಇಳಿಯದಿದ್ದರೆ ತಟ್ಟೆ ತಂದು ಕೊಡುವವರು ಯಾರು ಎಂದು ಕೇಳಿದೆ. ಅಣ್ಣ ನೊಂದುಕೊಂಡವನಂತೆ ಮುಖ ಮಾಡಿದ.

"ನಿನಗ ಇನ್ಯಾರದಾರ? ನಾವಽ ಅಲ್ಲನು? ರೊಕ್ಕ ಎದಿ ಮ್ಯಾಲ ಹೇರ್ಕೊಂಡು ಹೋಗ್ತಿಯೇನು?" ಎಂದ.

ನಾನು ನೋಡೋಣ ಎಂದೆ. ಆಗಲೇ ಆಗುವುದಿಲ್ಲ ಎಂದುಬಿಡಬೇಕಿತ್ತು. ಆದರೆ ಅವನು ಕೂಡಲೇ ಸನ್ಮಾನದ ಮಾತು ಎತ್ತಿದ. ಎಲ್ಲ ಬಳಗವನ್ನೂ ಕರೆಯೋಣ, ಕೊಟ್ಟೂರಿನಲ್ಲಿ ಮಂಟಪ ಹಿಡಿಯೋಣ, ಖರ್ಚು ನಿನ್ನದು, ಓಡಾಟ ನಂದು ಎಂದ. ನನ್ನ ತಲೆಯಲ್ಲಿ ಅವ್ವನ ಮಾತು ಎದ್ದು ಕುಳಿತಿತು. ಕಡೆಗೂ ನನ್ನದೊಂದು ಕಾರ್ಯ ಬಂತು. ಐದು ತಾಲೂಕಿನ ಇಡೀ ಬಳಗ ನನಗೆ ತಿರುಗಿ ಮಾಡಲು ಬರುತ್ತದೆ. ಬಂದ ಮುಯ್ಯಿಯನ್ನು ಗಂಟಿಗೆ ಸೇರಿಸಿ ಠೇವಣಿ ಇಡುತ್ತೇನೆ, ಮಾತ್ರೆಗೂ ಆಗುತ್ತದೆ, ಒಂದು ದಿನ ಮೊಣಕಾಲಿನ ಆಪರೇಷನ್ನಿಗೂ ಆಗುತ್ತದೆ. ಅದಕ್ಕೇ ಒಪ್ಪಿದೆ. ಮಂಟಪಕ್ಕೆ ಮುಂಗಡ ಕೊಟ್ಟೆ. ಕಾರ್ಡಿಗೆ ಕೊಟ್ಟೆ. ಕಾರ್ಡು ಬಂತು. ಕೊನೆಯ ಸಾಲು ಓದಿದೆ.

ಮರುದಿನ ಬೆಳಗಿನ ಬಸ್ಸಿಗೇ ಇಟ್ಟಿಗಿಗೆ ಹೋದೆ. ಅಣ್ಣ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಅತ್ತಿಗೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ನೀರೂ ಕುಡಿಯಲಿಲ್ಲ. ಕಾರ್ಡನ್ನು ಅವನ ಮುಂದೆ ಒಗೆದು, ಇದನ್ನು ಬರೆಸಲು ನಿನಗೆ ಯಾರು ಹೇಳಿದರು ಎಂದು ಕೇಳಿದೆ. ಅವನಿಗೆ ನನ್ನ ಸಿಟ್ಟು ನಿಜವಾಗಿಯೂ ಅರ್ಥವಾಗಲಿಲ್ಲ. ಈಗ ಎಲ್ಲರೂ ಹಾಗೇ ಹಾಕಿಸುತ್ತಾರೆ, ಮರ್ಯಾದೆ ಇರುತ್ತದೆ ಎಂದ. ನಾನು ಇಷ್ಟು ವರ್ಷ ಎಲ್ಲರಿಗೂ ಮಾಡಿದ ಮುಯ್ಯಿ ತಿರುಗಿ ಬರಬೇಡವೇ ಎಂದು ಕೂಗಿದೆ. ಓಣಿಯಲ್ಲಿ ಹೋಗುತ್ತಿದ್ದವರು ನಿಂತರು. ಅಣ್ಣ ಬೀಡಿ ಆರಿಸಿದ.

"ಎಲ್ಲೈತಿ ನಿನ್ನ ಮುಯ್ಯಿ?" ಎಂದ. "ನನ್ನ ಹೆಣ್ಮಕ್ಕಳ ಮದುವಿಯಾಗ ಎಲ್ಲಾರೂ ತಿರುಗಿ ಮಾಡಿ ಮುಗಿಸ್ಯಾರ. ಈಗ ಮತ್ತ ತಗೊಂಡ್ರ ಅದು ಹೊಸಾದು. ನಾಳಿ ಅವರ ಮನಿಗೆ ತಿರುಗಿ ಮಾಡಾವ ಯಾರು, ನಾನಽ ಅಲ್ಲನು?"

ಆಗ ಒಂದೊಂದೇ ನೆನಪಾಗತೊಡಗಿತು. ಪ್ರತಿ ಮದುವೆಯಲ್ಲೂ ಮೇಜಿನ ಹತ್ತಿರ ಹೋಗಿ ಲಕೋಟೆ ಕೊಟ್ಟಾಗ ಬರೆಯುವವನು ಯಾರ ಹೆಸರು ಎಂದು ಕೇಳುತ್ತಿದ್ದ. ನಾನು ಬಾಯಿ ಬಿಡುವ ಮೊದಲೇ ಪಕ್ಕದವನು ಅಣ್ಣನ ಹೆಸರು ಹೇಳುತ್ತಿದ್ದ, ಇಂಥವನ ತಂಗಿಯಪ್ಪ, ಇಟ್ಟಿಗಿ ಮನಿದು ಅಂತ ಬರಕೋ ಎನ್ನುತ್ತಿದ್ದ. ಮೈಕಿನಲ್ಲಿ ಅಣ್ಣನ ಹೆಸರು ದೊಡ್ಡದಾಗಿ ಕೇಳಿಸುತ್ತಿತ್ತು. ನಾನು ಅಲ್ಲೇ ನಿಂತು ಅದನ್ನು ಕೇಳಿ ಖುಷಿಪಡುತ್ತಿದ್ದೆ, ನಮ್ಮ ಮನೆಯ ಹೆಸರು ಹೇಳಿದರಲ್ಲ ಎಂದು. ಮದುವೆಯಾದ ಹೆಂಗಸಿಗೆ ಗಂಡನ ಹೆಸರು, ಆಗದವಳಿಗೆ ಅಣ್ಣನ ಹೆಸರು. ಹೆಂಗಸಿನ ಹೆಸರು ಹಿಡಿದು ಓದಿದ್ದನ್ನು ನಾನು ಒಂದು ಮಂಟಪದಲ್ಲೂ ಕೇಳಿಲ್ಲ.

ಅಣ್ಣನ ಹೆಣ್ಣುಮಕ್ಕಳಿಬ್ಬರ ಮದುವೆಯಲ್ಲಿ ಕೂಡ್ಲಿಗಿಯವರು ಬಂದರು, ಹರಪನಹಳ್ಳಿಯವರು ಬಂದರು, ಅರಸೀಕೆರೆಯವರು ಬಂದರು. ನಾನು ಯಾವ ಯಾವ ಮನೆಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿದ್ದೆನೋ ಆ ಮನೆಗಳೆಲ್ಲ ಸಾಲಾಗಿ ಮೈಕಿನಲ್ಲಿ ಬಂದವು. ಅದರ ರೊಕ್ಕದಲ್ಲಿ ಮಗನಿಗೆ ಬಾಡಿಗೆ ಓಡಿಸುವ ಗಾಡಿ ಬಂತು. ಅವತ್ತು ನಾನು ಏನು ಮಾಡುತ್ತಿದ್ದೆ? ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪಂಕ್ತಿಯಲ್ಲಿ ಹುಗ್ಗಿಗೆ ತುಪ್ಪ ಬಡಿಸುತ್ತಿದ್ದೆ. ನನ್ನ ದುಡಿಮೆ ನನ್ನ ಕಿವಿಯ ಮೇಲೆಯೇ ಹಾದು ಅಣ್ಣನ ಪೆಟ್ಟಿಗೆಗೆ ಹೋಗುತ್ತಿತ್ತು, ನಾನು ಇನ್ನೊಂದು ಚಮಚ ಹಾಕಿಸಿಕೊಳ್ಳಿ ಎಂದು ಉಪಚಾರ ಮಾಡುತ್ತಿದ್ದೆ.

ಅತ್ತಿಗೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಬಾಗಿಲಲ್ಲಿ ನಿಂತಳು. ಗಂಡನ ಪರವಾಗಿ ಎಂದುಕೊಂಡೆ. ಅವಳು ಯಾರ ಪರವಾಗಿಯೂ ಮಾತಾಡಲಿಲ್ಲ.

"ಹೆಣ್ಮಕ್ಕಳ ಹೆಸರ್ಲೆ ಯಾರು ಓದಸ್ತಾರವ್ವಾ?" ಎಂದಳು. "ನಮ್ಮವ್ವ ಕೊಟ್ಟ ಎಮ್ಮಿ ಮಾರಿ ಮಾಡಿದ ಮುಯ್ಯಿನೂ ಇವರ ಹೆಸರ್ಲೆಽ ಓದಿದ್ರು."

ಅಣ್ಣ ಅವಳಿಗೆ ಒಳಗೆ ಹೋಗು ಎಂದ. ಅವಳು ಹೋದಳು. ಕಾರ್ಡು ಹಂಚಿಯಾಗಿದೆ, ಇನ್ನು ಬದಲಿಸಲು ಬರುವುದಿಲ್ಲ, ಮನೆಯ ವಿಷಯ ಸನ್ಮಾನ ಮುಗಿದ ಮೇಲೆ ಮಾತಾಡೋಣ ಎಂದು ಅವನು ಮಾತು ಮುಗಿಸಿದ. ನಾನು ರೊಟ್ಟಿ ಉಣ್ಣದೆ ಎದ್ದು ಬಂದೆ. ತವರಿನಲ್ಲಿ ಉಣ್ಣದೆ ಎದ್ದು ಬಂದದ್ದು ಅದೇ ಮೊದಲು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಳುತ್ತ ಬಂದೆ. ದುಃಖಕ್ಕೆ ಬಂದ ಅಳು ಅದಾಗಿರಲಿಲ್ಲ. ಪಕ್ಕದಲ್ಲಿ ಕೂತ ಹೆಂಗಸು ಯಾರು ತೀರಿಕೊಂಡರು ಎಂದು ಕೇಳಿದಳು.

ಆ ರಾತ್ರಿ ಹಡಗಲಿಯ ಗೆಳತಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಅಣ್ಣನಿಗೆ ಬೈಯಬೇಕಾದದ್ದನ್ನೆಲ್ಲ ಅವಳಿಗೆ ಬೈದೆ. ಅವಳು ಎಲ್ಲ ಕೇಳಿಸಿಕೊಂಡು, ನಾಳೆ ಎಷ್ಟು ಗಂಟೆಗೆ ಬರಲಿ ಎಂದಳು. ಬೆಳಿಗ್ಗೆ ಅಂಚೆ ಕಚೇರಿಯ ಬಾಗಿಲು ತೆರೆಯುವ ಮೊದಲೇ ಹೊರಗೆ ನಿಂತಿದ್ದಳು, ಕೈಯಲ್ಲಿ ಹಡಗಲಿಯ ಮಲ್ಲಿಗೆ. ಅವಳ ತಲೆಯಲ್ಲಿ ಒಂದು ಮೊಳ, ನನಗೆ ಒಂದು ಮೊಳ. ಮದುವೆಗೆ ಹೊರಟವರಂತೆ ಹೂ ಮುಡಿದು ಇಬ್ಬರೂ ಒಳಗೆ ಹೋದೆವು. ಗಂಟಿನಲ್ಲಿ ಒಂದು ರೂಪಾಯಿ ಉಳಿಸದೆ ಹಿರಿಯ ನಾಗರಿಕರ ಠೇವಣಿಗೆ ಹಾಕಿದೆ. ಕೌಂಟರಿನಲ್ಲಿದ್ದವನು ನಾಮಿನಿ ಯಾರು ಎಂದು ಕೇಳಿದ. ನಾನಿನ್ನೂ ಸತ್ತಿಲ್ಲ ಎಂದೆ. ಪಾಪ, ಅವನದೇನು ತಪ್ಪು. ಗೆಳತಿ ನನ್ನ ಮೊಣಕೈ ಹಿಡಿದಳು, ನಾನು ಒಂದು ಹೆಸರು ಬರೆದೆ. ಯಾರ ಹೆಸರು ಎಂದು ಇಲ್ಲಿ ಹೇಳುವುದಿಲ್ಲ. ನಮ್ಮ ಬಳಗದವರು ಇದನ್ನು ಓದಿದರೆ ಒಂದಿಷ್ಟು ದಿನ ತಲೆ ಕೆಡಿಸಿಕೊಳ್ಳಲಿ.

ನಮ್ಮ ಕಡೆ ಈಗ ಸಂಬಳ ತರುವ ಹುಡುಗಿಯರು ಬಹಳ ಜನ ಇದ್ದಾರೆ. ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಪಂಚಾಯಿತಿಯಲ್ಲಿ. ಅವರು ನನ್ನನ್ನು ಆಂಟಿ ಎನ್ನುತ್ತಾರೆ, ಮೊಬೈಲಿನಲ್ಲಿ ದುಡ್ಡು ಕಳಿಸಿ ಮುಯ್ಯಿ ಮಾಡುತ್ತಾರೆ. ಮೊಬೈಲಿನಲ್ಲಿ ಕಳಿಸಿದರೂ ಮೈಕಿನಲ್ಲಿ ಓದುವುದು ಅಪ್ಪನ ಹೆಸರೇ. ಅವರಿಗೆ ಒಂದೇ ಮಾತು ಹೇಳುತ್ತೇನೆ, ಕೇಳಿದರೆ ಕೇಳಲಿ. ಸಂಬಳ ಬಂದ ದಿನ, ಯಾರೂ ಕೇಳುವ ಮೊದಲು, ಒಂದು ಪಾಲನ್ನು ನಿಮ್ಮ ಹೆಸರಿಗೆ ಎತ್ತಿಡಿ. ಉಳಿದದ್ದರಲ್ಲಿ ಬಳಗ, ಉಳಿದದ್ದರಲ್ಲಿ ಹಬ್ಬ. ಇಪ್ಪತ್ತರ ವಯಸ್ಸಿನಲ್ಲಿ ಎತ್ತಿಟ್ಟ ಸಣ್ಣ ದುಡ್ಡು ಅರವತ್ತರ ಹೊತ್ತಿಗೆ ತಾನೇ ದುಡಿದಿರುತ್ತದೆ. ಅರವತ್ತರಲ್ಲಿ ನೀವು ಎಷ್ಟು ಸಿಟ್ಟಾದರೂ ಆ ನಲವತ್ತು ವರ್ಷವನ್ನು ಯಾವ ಅಂಚೆ ಕಚೇರಿಯೂ ತಂದುಕೊಡುವುದಿಲ್ಲ.

ಸನ್ಮಾನಕ್ಕೆ ಹೋದೆ. ಮುಂಗಡ ಕೊಟ್ಟಾಗಿತ್ತು, ಜನ ಬರುವವರಿದ್ದರು, ಹುಗ್ಗಿ ಹಾಳಾಗುತ್ತಿತ್ತು. ಠೇವಣಿಯ ಪಾಸ್‌ಬುಕ್ಕನ್ನು ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಮನೆಯಲ್ಲಿ ಬಿಟ್ಟು ಬರಲು ಧೈರ್ಯವಾಗಿರಲಿಲ್ಲ, ಅಷ್ಟೇ. ಮಂಟಪದ ಬಾಗಿಲಲ್ಲಿ ನನ್ನ ಬಿಳಿ ಮುಖದ ಫ್ಲೆಕ್ಸು. ವೇದಿಕೆಯ ಮೇಲೆ ನನ್ನನ್ನು ಕೂರಿಸಿ ಒಬ್ಬೊಬ್ಬರಾಗಿ ಮಾತಾಡಿದರು. ತಾಯಿಯಾಗದಿದ್ದರೂ ಸಾವಿರ ಮಕ್ಕಳ ತಾಯಿ ಎಂದರು. ತ್ಯಾಗಮಯಿ ಎಂದರು. ತನಗಾಗಿ ಏನನ್ನೂ ಇಟ್ಟುಕೊಳ್ಳದವಳು ಎಂದರು. ಆ ಮಾತಿಗೆ ಜೋರಾಗಿ ಚಪ್ಪಾಳೆ ಬಿತ್ತು. ತನಗಾಗಿ ಏನನ್ನೂ ಇಟ್ಟುಕೊಳ್ಳದವಳನ್ನು ಕಂಡರೆ ಜನರಿಗೆ ಎಷ್ಟು ಸಂತೋಷ ನೋಡಿ.

ಕಡೆಗೆ ಅಣ್ಣ ಮೈಕು ಹಿಡಿದ. ನಮ್ಮ ತಂಗಿ ತನ್ನ ದುಡಿಮೆಯ ಅಷ್ಟೂ ರೊಕ್ಕ ಹಾಕಿ ಇಟ್ಟಿಗಿಯಲ್ಲಿ ತವರುಮನೆ ಕಟ್ಟಿಸುತ್ತಿದ್ದಾಳೆ, ಬರುವ ತಿಂಗಳು ಗುದ್ದಲಿಪೂಜೆ, ಎಲ್ಲರೂ ಬರಬೇಕು ಎಂದ. ಮತ್ತೆ ಚಪ್ಪಾಳೆ. ನನಗೆ ತಿಳಿಯಿತು. ಮನೆಯಲ್ಲಿ ಕೇಳಿದರೆ ನಾನು ಇಲ್ಲ ಎನ್ನಬಹುದು, ಮೈಕಿನಲ್ಲಿ ಹೇಳಿದರೆ ಎನ್ನಲಾರೆ. ಅದಕ್ಕೇ ಈ ಮಂಟಪ, ಅದಕ್ಕೇ ಈ ಹುಗ್ಗಿ, ಅದಕ್ಕೇ ಈ ಬಳಗ. ನನ್ನ ಕಾಸಿನಲ್ಲಿ ನನ್ನನ್ನೇ ಕಟ್ಟಿಹಾಕಲು ಇಷ್ಟೆಲ್ಲ.

ಕಂಬಿ ಹಿಡಿಯದೆ ಎದ್ದು ನಿಂತೆ, ಮೊಣಕಾಲು ಅವತ್ತು ನೋಯಲೇ ಇಲ್ಲ. ಕಾರ್ಯಕ್ರಮ ನಡೆಸುತ್ತಿದ್ದವನು ನಮ್ಮ ಕೇರಿಯ ಮದುವೆಗಳಲ್ಲಿ ಯಾವಾಗಲೂ ಮುಯ್ಯಿ ಓದುವವನು. ಅವನ ಧ್ವನಿಯಲ್ಲೇ ನಾನು ಅಣ್ಣನ ಹೆಸರನ್ನು ಎಷ್ಟು ಸಲ ಕೇಳಿದ್ದೆನೋ. ಅವನ ಹತ್ತಿರ ಹೋಗಿ, ಒಂದು ಮುಯ್ಯಿ ಐತಿ, ಓದು ಎಂದೆ. ಕಾರ್ಡಿನಾಗ ಬ್ಯಾಡ ಅಂತ ಹಾಕ್ಯಾರಲ್ರಿ ಎಂದು ಅವನು ತಡವರಿಸಿದ. ನಾನು ಪಾಸ್‌ಬುಕ್ಕನ್ನು ಅವನ ಕೈಯಲ್ಲಿಟ್ಟೆ. ಅವನು ಅದನ್ನೂ ನನ್ನನ್ನೂ ನೋಡಿದ. ರೂಢಿಯಿಂದ ಕೇಳಿಯೇಬಿಟ್ಟ:

"ಯಾರ ಹೆಸರ್ಲೆ ಓದ್ಲಿ, ನರ್ಸಕ್ಕಾ?"

"ನನ್ನ ಹೆಸರ್ಲೆ."

"ಯಾರಿಗೆ?"

"ನನಗಽ. ಎಷ್ಟು ಅಂತ ಓದಬ್ಯಾಡ. ಎಲ್ಲೈತಿ ಅಂತ ಓದು."

ಅವನು ಮೈಕನ್ನು ಬಾಯಿಗೆ ಹತ್ತಿರ ತಂದ. ಮುಯ್ಯಿ ಓದುವ ಅದೇ ರಾಗದಲ್ಲಿ ನನ್ನ ಹೆಸರು ಓದಿದ. ಅಪ್ಪನ ಹೆಸರಿಲ್ಲ, ಅಣ್ಣನ ಹೆಸರಿಲ್ಲ, ನನ್ನದೊಂದೇ. ಇವರಿಂದ ಇವರಿಗೇ ಮುಯ್ಯಿ, ನಿವೃತ್ತಿಯ ಅಷ್ಟೂ ಹಣ, ಅಂಚೆ ಕಚೇರಿಯ ಠೇವಣಿಯಲ್ಲಿ, ಐದು ವರ್ಷಕ್ಕೆ. ಪಂಕ್ತಿಯಲ್ಲಿ ಕೂತವರ ಕೈ ಎಲೆಯ ಮೇಲೆ ನಿಂತಿತು. ಯಾರೋ ನಕ್ಕರು. ಅರಸೀಕೆರೆಯ ಒಬ್ಬ ಮುದುಕಿ, ಇನ್ನೊಮ್ಮೆ ಓದಪಾ, ಕೇಳಿಸಲಿಲ್ಲ ಎಂದಳು. ಅವನು ಇನ್ನೊಮ್ಮೆ ಓದಿದ. ಅಣ್ಣ ಅಡುಗೆಯವರನ್ನು ನೋಡಿಕೊಂಡು ಬರುತ್ತೇನೆ ಎಂದು ಇಳಿದು ಹೋದ.

ಅವತ್ತಿನಿಂದ ಅಣ್ಣನಿಗೆ ನನ್ನ ಜೊತೆ ಮಾತಿಲ್ಲ. ನರ್ಸಮ್ಮನಿಗೆ ತಲೆ ಕೆಟ್ಟಿದೆ, ಬಳಗದ ನಡುವೆ ಒಡಹುಟ್ಟಿದವನ ಮಾನ ಕಳೆದಳು ಎಂದು ಕೂಡ್ಲಿಗಿಯವರೆಗೂ ಸುದ್ದಿ ಹೋಗಿದೆ. ಹೋಗಲಿ. ಕಾರ್ಡುಗಳು ಮಾತ್ರ ಬರುವುದು ನಿಂತಿಲ್ಲ. ಕೆಲವು ಕಾರ್ಡಿನಲ್ಲಿ ಮುಯ್ಯಿ ಸ್ವೀಕರಿಸುವುದಿಲ್ಲ ಎಂಬ ಸಾಲು ಇರುತ್ತದೆ. ಅಂಥ ಮದುವೆಗೆ ಹೋಗಿ, ಅವರ ಮಾತಿಗೆ ಗೌರವ ಕೊಟ್ಟು, ಹೊಟ್ಟೆ ತುಂಬ ಉಂಡು ಬರುತ್ತೇನೆ.

ಮೊದಲ ಬಡ್ಡಿ ಖಾತೆಗೆ ಬಿದ್ದ ಮೇಲೆ ಒಂದು ದಿನ ಅತ್ತಿಗೆ ಬಂದಳು. ಒಬ್ಬಳೇ. ಬಾಗಿಲಲ್ಲಿ ನಿಂತೇ ಅಣ್ಣ ಹೇಳಿ ಕಳಿಸಿದ ಬೈಗುಳಗಳನ್ನೆಲ್ಲ ಒಪ್ಪಿಸಿದಳು. ಅವ್ವ ಇದ್ದಿದ್ದರೆ ಎದೆ ಒಡೆದುಕೊಳ್ಳುತ್ತಿದ್ದಳು, ತವರಿನ ಬಾಗಿಲು ಇನ್ನು ಮುಚ್ಚಿತು, ನೀನು ಸತ್ತರೂ ನಾವು ಬರುವುದಿಲ್ಲ. ಒಂದು ಮಾತನ್ನೂ ಬಿಡದೆ, ಉಸಿರು ಕಟ್ಟಿ, ಒಪ್ಪಿಸಿದಳು. ನಾನು ಕೇಳಿಸಿಕೊಂಡೆ. ಆಮೇಲೆ ಚಹ ಮಾಡಿದೆ. ಕುಡಿದು ಲೋಟ ತೊಳೆದಿಟ್ಟಳು. ಸೆರಗಿನ ತುದಿಯ ಗಂಟು ಬಿಚ್ಚಿ ಮಡಚಿದ ನೋಟುಗಳನ್ನೂ ಆಧಾರ್ ಕಾರ್ಡನ್ನೂ ನನ್ನ ಮುಂದೆ ಇಟ್ಟಳು. ಹಾಲು ಮಾರಿದ್ದಂತೆ. ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿ ಬಂದಿದ್ದಳು.

"ನನಗೂ ಒಂದು ಮಾಡಸವ್ವಾ," ಎಂದಳು. "ಹೆಸರು ನಂದಽ ಇರ್ಲಿ. ಕೂಗಿ ಓದಾದೇನ ಬ್ಯಾಡ."